ದೊಡ್ಡಜಾಲ, ಆವತಿಹಳ್ಳಿಯಂಥ ಹಳೇ ಸ್ಟೇಷನ್‌ಗಳಿಗೆ ಬೀಗ ಬಿದ್ದಿದ್ದು ಯಾಕೆ?

ಕಿಟಕಿ_ಸೀಟು
ಯಲಹಂಕದಿಂದ ಚಿಕ್ಕಬಳ್ಳಾಪುರದ ಕಡೆ ಹೋಗುವ ಲೈನಿನಲ್ಲಿ ನಾಲ್ಕು ಹಳೇ ಸ್ಟೇಷನ್ ಕಟ್ಟಡಗಳಿವೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್. ಕಲ್ಲಿನ ಗೋಡೆ, ಹೆಂಚಿನ ಮಾಡು, ನೋಡೋಕೆ ಚಂದ. 1915ರ ಕಾಲದವು. ಹಳೇ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯವರು ದುರಸ್ತಿಗೆ ಕೈ ಹಾಕಿದ ಮೇಲೆ ಪೇಪರಿನಲ್ಲಿ ಫೋಟೋ ಬಂತು, ಎಲ್ಲರೂ ಆಹಾ ಓಹೋ ಅಂದರು. ಆದರೆ ಅವು ಅಷ್ಟು ವರ್ಷ ಪಾಳು ಬಿದ್ದಿದ್ದು ಯಾಕೆ ಅಂತ ಯಾರೂ ಬರೆಯಲಿಲ್ಲ.

ಹಳಿ ಇದೆ, ರೈಲು ಓಡುತ್ತದೆ, ಪಕ್ಕದಲ್ಲೇ ಬೆಂಗಳೂರು ಇದೆ. ಆದರೂ ಹಳ್ಳಿ ಸ್ಟೇಷನ್ ಸತ್ತು ಹೋಗುತ್ತದೆ ಅಂದ್ರೆ ಏನರ್ಥ? ಊರಿನವರನ್ನು ಕೇಳಿದರೆ ಒಬ್ಬರು ಬಸ್ ಬಂತು ಅಂತಾರೆ, ಇನ್ನೊಬ್ಬರು ಹಳಿ ಕಿತ್ತರು ಅಂತಾರೆ, ಒಬ್ಬ ಹುಡುಗ ದೆವ್ವ ಅಂದ. ಗೊತ್ತಿದ್ದವರು ಸರಿಯಾಗಿ ಹೇಳಿ.

ಕೋಲಾರದ_ಹೈದ
ಬಸ್. ಅಷ್ಟೇ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

ಎರಡೂವರೆ_ಅಡಿ
ಅಷ್ಟು ಸುಲಭ ಇಲ್ಲ ಅಣ್ಣ. ಮೊದಲು ಲೈನಿನ ಕಥೆ ಕೇಳಿ. ಇದು ಮೊದಲಿಗೆ ಈಗಿನ ಅಗಲದ ಹಳಿ ಅಲ್ಲ. ಎರಡೂವರೆ ಅಡಿಯ ನ್ಯಾರೋ ಗೇಜ್, ಅಂದ್ರೆ 762 ಮಿಲಿಮೀಟರ್. ಬೌರಿಂಗ್‌ಪೇಟೆ, ಈಗಿನ ಬಂಗಾರಪೇಟೆ, ಅಲ್ಲಿಂದ ಕೋಲಾರಕ್ಕೆ 1913ರಲ್ಲಿ ರೈಲು ಬಂತು. ಯಶವಂತಪುರದಿಂದ ದೇವನಹಳ್ಳಿ ಮೇಲೆ ಚಿಕ್ಕಬಳ್ಳಾಪುರಕ್ಕೆ 1915ರಲ್ಲಿ. ಆಮೇಲೆ ಕೋಲಾರ ಮತ್ತು ಚಿಕ್ಕಬಳ್ಳಾಪುರದ ನಡುವಿನ ತುಂಡು ಸೇರಿತು. ಯಶವಂತಪುರದ ಕಡೆಯದನ್ನು ಬೆಂಗಳೂರು ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಅಂತ ಒಂದು ಕಂಪನಿ ಹಾಕಿದ್ದು. ಸರ್ಕಾರದ ದೊಡ್ಡ ಲೈನ್ ಅಲ್ಲ, ಕಡಿಮೆ ಖರ್ಚಿನಲ್ಲಿ ಹಳ್ಳಿಗಳನ್ನು ಮುಟ್ಟಿಸೋಕೆ ಮಾಡಿದ ಪುಟ್ಟ ರೈಲು.

ಈಗ ತಮಾಷೆ ನೋಡಿ. ಒಂದು ತುದಿ ಬಂಗಾರಪೇಟೆ, ಅಲ್ಲಿ ಮದ್ರಾಸ್ ಕಡೆಯ ಬ್ರಾಡ್ ಗೇಜ್. ಇನ್ನೊಂದು ತುದಿ ಯಶವಂತಪುರ, ಅಲ್ಲಿ ಆಗ ಮೀಟರ್ ಗೇಜ್. ನಡುವೆ ಈ ನ್ಯಾರೋ ಗೇಜ್. ಮೂರಕ್ಕೂ ಒಂದಕ್ಕೊಂದು ಹೊಂದಲ್ಲ. ಒಂದು ಮೂಟೆ ಕಾಳು ಎರಡೂ ಕಡೆಯಲ್ಲಿ ಯಾವ ಕಡೆ ಹೋದರೂ ಒಂದು ವ್ಯಾಗನ್‌ನಿಂದ ಇಳಿಸಿ ಇನ್ನೊಂದಕ್ಕೆ ಹೊರಬೇಕು. ಲಾರಿ ಬಂದ ದಿನವೇ ಗೂಡ್ಸ್ ಹೋಯಿತು. ಗೂಡ್ಸ್ ಹೋದ ಮೇಲೆ ಪುಟ್ಟ ಲೈನಿನ ಹೊಟ್ಟೆ ತುಂಬಲ್ಲ. ಬರೀ ಪ್ಯಾಸೆಂಜರ್ ಟಿಕೆಟ್ ದುಡ್ಡಿನಲ್ಲಿ ಯಾವ ರೈಲೂ ನಡೆಯಲ್ಲ.

ಕೋಲಾರದ_ಹೈದ
ನಾನು ಬಸ್ ಅಂದೆ, ನೀವು ಲಾರಿ ಅಂದಿರಿ. ಒಟ್ಟಿನಲ್ಲಿ ರಸ್ತೆ ತಾನೇ 😄

ಮುದ್ದೇನಹಳ್ಳಿ_ಕಡೆಯವ
ಸರ್ ಎಂ.ವಿ. ಅವರು ತಮ್ಮ ಊರಿಗೆ ಅಂತಲೇ ಈ ರೈಲು ತಂದರು. ಅವರ ಕಾಲದಲ್ಲಿ ಬಂದಿದ್ದು ಅವರ ನಂತರ ಕೆಟ್ಟಿತು. ಇದೇ ನಿಜವಾದ ಇತಿಹಾಸ.

ಎರಡೂವರೆ_ಅಡಿ
ಅವರು ದಿವಾನರಾಗಿದ್ದು 1912ರಿಂದ 1918. ಮುದ್ದೇನಹಳ್ಳಿ ಚಿಕ್ಕಬಳ್ಳಾಪುರದ ಪಕ್ಕ, ನಿಜ. ಆದರೆ ವರ್ಷ ಹೊಂದಿತು ಅಂತ ಕಾರಣವೂ ಅದೇ ಆಗಬೇಕಿಲ್ಲ ಅಲ್ವಾ? ಅದೇ ಕಾಲದಲ್ಲಿ ಮೈಸೂರು ಅರಸೀಕೆರೆ ಲೈನ್ ಬಂತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಇದಕ್ಕಿಂತ ಸಣ್ಣ, ಎರಡೇ ಅಡಿಯ ಹಳಿ ಇತ್ತು. ಸಂಸ್ಥಾನ ಆಗ ಎಲ್ಲ ಕಡೆ ಹಳಿ ಹಾಕುವ ಉಮೇದಿನಲ್ಲಿತ್ತು. ಅವರ ಊರಿಗೆ ಅಂತ ಹೇಳಿ ಅವರನ್ನು ಸಣ್ಣವರನ್ನಾಗಿ ಮಾಡಬೇಡಿ.

ಮುದ್ದೇನಹಳ್ಳಿ_ಕಡೆಯವ
ಸಣ್ಣವರನ್ನಾಗಿ ಮಾಡಿದ್ದು ಯಾರು ಸ್ವಾಮಿ? ನಾನು ಹೊಗಳಿದ್ದು!

ರಿಟೈರ್ಡ್_ಎಎಸ್ಎಂ
ನಾನು ಮೀಟರ್ ಗೇಜ್ ಕಾಲದಲ್ಲಿ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಿ ಸೇರಿದವನು. ಈ ಲೈನಿನಲ್ಲಿ ಅಲ್ಲ, ಬೇರೆ ಕಡೆ. ಎಲ್ಲರೂ ಒಂದು ವಿಷಯ ಬಿಟ್ಟು ಮಾತಾಡುತ್ತಿದ್ದೀರಿ.

ಸ್ಟೇಷನ್ ಅಂದ್ರೆ ಜನ ಹತ್ತಿ ಇಳಿಯುವ ಜಾಗ ಅಂತ ನಿಮ್ಮ ಲೆಕ್ಕ. ರೈಲ್ವೆಗೆ ಅದು ಮೊದಲು ರೈಲು ರೈಲನ್ನು ದಾಟುವ ಜಾಗ. ಒಂಟಿ ಹಳಿ ಇದ್ದ ಮೇಲೆ ಎದುರು ಬದುರು ಬರುವ ಗಾಡಿಗಳಿಗೆ ಎಲ್ಲೋ ಒಂದು ಕಡೆ ಲೂಪ್ ಲೈನ್ ಬೇಕು. ಒಂದನ್ನು ಲೂಪ್‌ನಲ್ಲಿ ನಿಲ್ಲಿಸಿ ಇನ್ನೊಂದನ್ನು ಬಿಡಬೇಕು. ಆ ಕೆಲಸಕ್ಕೆ ಮಾಸ್ಟರ್, ಗಾಡಿಗೆ ಹಳಿ ಬದಲಿಸಿಕೊಡುವ ಪಾಯಿಂಟ್ಸ್‌ಮನ್, ಸಿಗ್ನಲ್, ಕ್ವಾರ್ಟರ್ಸ್ ಎಲ್ಲ ಬೇಕು. ಪಕ್ಕದಲ್ಲಿ ಹಳ್ಳಿ ಇದ್ದರೆ ಟಿಕೆಟ್ಟೂ ಕೊಡುತ್ತಿದ್ದೆವು. ಸ್ಟೀಮ್ ಇಂಜಿನ್ ಕಾಲದಲ್ಲಿ ನೀರಿನ ಲೆಕ್ಕವೂ ಇತ್ತು. ಇಂಜಿನ್ನಿಗೆ ದಾರಿಯಲ್ಲಿ ನೀರು ತುಂಬಿಸಲೇಬೇಕು. ಅದಕ್ಕೇ ಎಷ್ಟೋ ಹಳೇ ಸ್ಟೇಷನ್ನಿನ ಹತ್ತಿರ ಒಂದು ಬಾವಿಯೋ ಕೆರೆಯೋ ಇರುತ್ತದೆ, ಎತ್ತರದ ಕಲ್ಲಿನ ಕಟ್ಟೆ ಮೇಲೆ ಕಬ್ಬಿಣದ ಟ್ಯಾಂಕ್ ಇರುತ್ತದೆ. ಡೀಸೆಲ್ ಬಂತು, ನೀರಿನ ಸ್ಟೇಷನ್ ಬೇಡವಾಯಿತು. ದಾಟಿಸುವ ಜಾಗ ದೂರ ದೂರ ಸಾಕು ಅಂದ ಕೂಡಲೇ ನಡುವಿನದ್ದೂ ಬೇಡವಾಯಿತು. ಜನ ಎಷ್ಟಿದ್ದರು ಅನ್ನೋದು ಕೊನೆಗೆ ಬರುವ ಪ್ರಶ್ನೆ.

ಕಿಟಕಿ_ಸೀಟು
ಸರ್, ಹಾಗಾದರೆ ಜನ ಒಬ್ಬರೂ ಇಲ್ಲದಿದ್ದರೂ ಸ್ಟೇಷನ್ ಉಳಿಯಬಹುದಾ?

ರಿಟೈರ್ಡ್_ಎಎಸ್ಎಂ
ಉಳಿದಿದೆಯಲ್ಲಮ್ಮ. ಎಡಕುಮೇರಿ. ಸಕಲೇಶಪುರ ಸುಬ್ರಹ್ಮಣ್ಯ ಘಾಟಿಯ ಮಧ್ಯೆ, ಸುತ್ತ ಬರೀ ಕಾಡು. 55 ಕಿಲೋಮೀಟರ್ ಘಾಟಿ, 57 ಸುರಂಗ, 50 ಅಡಿಗೆ 1 ಅಡಿ ಏರು. ಅಲ್ಲಿ ಯಾರು ಟಿಕೆಟ್ ತಗೊಳ್ಳುತ್ತಾರೆ? ಆದರೂ ಬೇಕು, ಗಾಡಿ ದಾಟಿಸೋಕೆ.

ಘಟ್ಟದ_ಕೆಳಗೆ
ಎಡಕುಮೇರಿಯೂ ಒಂದು ಕಾಲಕ್ಕೆ ಮುಚ್ಚಿತ್ತು ಮಾರಾಯ್ರೇ! ಆ ಲೈನ್ 1979ರಲ್ಲಿ ಬಂತು, ಮೀಟರ್ ಗೇಜ್. 1996ರಲ್ಲಿ ಗೇಜ್ ಬದಲಾಯಿಸುತ್ತೇವೆ ಅಂತ ನಿಲ್ಲಿಸಿದರು. ಗೂಡ್ಸ್ ಶುರುವಾಗಿದ್ದು 2006ರಲ್ಲಿ, ಜನರ ರೈಲು 2007ರ ಡಿಸೆಂಬರಿನಲ್ಲಿ. ಹತ್ತು ವರ್ಷ ಹಳಿ ಮೇಲೆ ಚಾರಣದವರದೇ ಕಾರುಬಾರು. ನಮ್ಮ ಕಾಲೇಜಿನ ಹುಡುಗರೆಲ್ಲ ಬ್ಯಾಗ್ ಹಾಕಿಕೊಂಡು ಸುರಂಗದೊಳಗೆ ಟಾರ್ಚ್ ಹಿಡಿದು ನಡೆದವರೇ.

ಟ್ರೆಕ್_ಮಂಜ
ಈಗಲೂ ಹೋಗಬಹುದಾ?

ರಿಟೈರ್ಡ್_ಎಎಸ್ಎಂ
ಬೇಡಪ್ಪ. ಈಗ ಅಲ್ಲಿ ಗಾಡಿ ಓಡುತ್ತಿವೆ. ರೈಲ್ವೆ ಕಾಯ್ದೆ 147ನೇ ಸೆಕ್ಷನ್, ಅತಿಕ್ರಮ ಪ್ರವೇಶ, ಕೇಸ್ ಹಾಕುತ್ತಾರೆ. ಕೇಸ್ ಬಿಡಿ, ಸುರಂಗದೊಳಗೆ ಗಾಡಿ ಬಂದರೆ ಎಲ್ಲಿ ನಿಲ್ಲುತ್ತೀಯ?

ಟ್ರೆಕ್_ಮಂಜ
ಸುಮ್ನೆ ಕೇಳಿದೆ ಸರ್

ಸುಮ್ನೆ_ಓದ್ತೀನಿ
ದೆವ್ವದ ವಿಷಯ ಯಾರೂ ಮುಟ್ಟಲಿಲ್ಲ. ಬೆಗುನ್‌ಕೋಡರ್ ಕೇಳಿಲ್ವಾ? ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆ. ಬಿಳಿ ಸೀರೆ ಹೆಂಗಸು ಹಳಿ ಮೇಲೆ ಓಡುತ್ತಾಳೆ ಅಂತ ಸುದ್ದಿ ಹಬ್ಬಿ 1967ರಲ್ಲಿ ಸ್ಟೇಷನ್ನೇ ಬಂದ್. 2009ರಲ್ಲಿ ಮತ್ತೆ ತೆರೆದರು. ನಲವತ್ತು ವರ್ಷ ಒಂದು ದೆವ್ವ ರೈಲ್ವೆಯನ್ನು ಹೆದರಿಸಿತು ಅಂದ್ರೆ ಸಾಮಾನ್ಯ ವಿಷಯ ಅಲ್ಲ.

ಕೋಲಾರದ_ಹೈದ
ಆ ಕಾಡೂರಿನಲ್ಲಿ ರಾತ್ರಿ ಡ್ಯೂಟಿ ಮಾಡೋಕೆ ಯಾರಿಗೂ ಇಷ್ಟ ಇರಲಿಲ್ಲ. ವರ್ಗಾವಣೆ ಅರ್ಜಿಗಿಂತ ದೆವ್ವ ಬೇಗ ಕೆಲಸ ಮಾಡುತ್ತದೆ. ಬರೆದಿಟ್ಟುಕೊಳ್ಳಿ.

ರಿಟೈರ್ಡ್_ಎಎಸ್ಎಂ
ಇದನ್ನು ನಾನು ಲೈಕ್ ಮಾಡಬಾರದು, ಆದರೂ ಮಾಡಿದೆ.

ಹರಿಣಿ_ಬರೀತಾಳೆ
ಜಪಾನಿನಲ್ಲಿ ಒಬ್ಬಳೇ ಒಬ್ಬ ಶಾಲೆ ಹುಡುಗಿಗೋಸ್ಕರ ಒಂದು ಹಳ್ಳಿ ಸ್ಟೇಷನ್ ವರ್ಷಗಟ್ಟಲೆ ತೆರೆದಿಟ್ಟಿದ್ದರು. ಅವಳ ಓದು ಮುಗಿದ ದಿನ ಮುಚ್ಚಿದರು. ನಮ್ಮವರಿಗೆ ಆ ಮನಸ್ಸು ಯಾವಾಗ ಬರುತ್ತದೋ. ಕಣ್ಣಲ್ಲಿ ನೀರು ಬಂತು ಓದಿ.

ಹಳಿಹುಳ
ಹರಿಣಿ ಮೇಡಂ, ಈ ಕಥೆ ವಾಟ್ಸಾಪಿನಲ್ಲಿ ಸುತ್ತಿ ಸುತ್ತಿ ಆಕಾರವೇ ಬದಲಾಗಿದೆ. ಹೊಕ್ಕೈಡೋ ದ್ವೀಪದ ಲೈನ್ ಅದು. ಎಲ್ಲರೂ ಹೇಳಿದ್ದು ಕಾಮಿ ಶಿರತಾಕಿ ಅಂತ. ಹುಡುಗಿ ಹತ್ತುತ್ತಿದ್ದಿದ್ದು ಕ್ಯೂ ಶಿರತಾಕಿಯಲ್ಲಿ. ಅವಳಿಗಾಗಿ ತೆರೆದಿಟ್ಟಿದ್ದರು ಅನ್ನೋದು ಉಪ್ಪು ಖಾರ. ಅಲ್ಲಿ ಪ್ರತಿ ಮಾರ್ಚಿನಲ್ಲಿ ಹೊಸ ವೇಳಾಪಟ್ಟಿ ಬರುತ್ತದೆ. ಶಾಲಾ ವರ್ಷ ಮುಗಿಯೋದೂ ಮಾರ್ಚಿನಲ್ಲೇ. 2016ರ ಮಾರ್ಚ್ 26ಕ್ಕೆ ಕಾಮಿ, ಕ್ಯೂ, ಶಿಮೋ ಮೂರು ಶಿರತಾಕಿಗಳೂ ಒಟ್ಟಿಗೆ ಮುಚ್ಚಿದವು.

ಇನ್ನೊಂದು ವಿಷಯ, ಎಎಸ್ಎಂ ಸರ್ ಹೇಳಿದ್ದಕ್ಕೆ ಇದು ಸರಿಯಾಗಿ ಹೊಂದುತ್ತದೆ. ಶಿಮೋ ಶಿರತಾಕಿಯನ್ನು ಪೂರ್ತಿ ತೆಗೆಯಲಿಲ್ಲ. ಜನ ಹತ್ತೋದು ನಿಂತಿತು, ಗಾಡಿ ದಾಟಿಸುವ ಜಾಗವಾಗಿ ಉಳಿಯಿತು. ಅಲ್ಲೂ ಅದೇ ಲೆಕ್ಕ. ರೈಲಿಗೆ ಬೇಕಿದ್ದರೆ ಉಳಿಯುತ್ತದೆ, ಮನುಷ್ಯರಿಗೆ ಮಾತ್ರ ಬೇಕಿದ್ದರೆ ಹೋಗುತ್ತದೆ.

ಹರಿಣಿ_ಬರೀತಾಳೆ
ನಿಮಗೆ ಒಂದು ಒಳ್ಳೆ ಕಥೆ ನೆಮ್ಮದಿಯಾಗಿ ಓದಲು ಬಿಡಲ್ಲ ಅಲ್ವಾ 🙄

ಸಾಗರದ_ಸುಬ್ಬಿ
ಇಲ್ಲಿ ಜಪಾನ್ ಬಂತು, ಬಂಗಾಳ ಬಂತು, ನಮ್ಮ ತಾಳಗುಪ್ಪ ಲೈನ್ ಬರಲಿಲ್ಲ. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹಳಿ ಮುಟ್ಟಿದ್ದು 1940ರಲ್ಲಿ. ಕಡೆಗಾಲದಲ್ಲಿ ಅದರ ಮೇಲೆ ರೈಲು ಬಸ್ ಓಡುತ್ತಿತ್ತು. ನೋಡೋಕೆ ಬಸ್, ಓಡೋದು ಹಳಿ ಮೇಲೆ. ಆಮೇಲೆ ಅದೂ ನಿಂತಿತು. ಬ್ರಾಡ್ ಗೇಜ್ ತಾಳಗುಪ್ಪಕ್ಕೆ ಬಂದಿದ್ದು 2011ಕ್ಕೆ.

ಅರಸಾಳು ನೋಡಿ. ಹಳೇ ಸ್ಟೇಷನ್ ಕಟ್ಟಡ ಬಿಟ್ಟು ಬೇರೆ ಕಟ್ಟಿದರು. ಹಳೇದು ಸುಮ್ಮನೆ ನಿಂತಿತ್ತು. ಶಂಕರನಾಗ್ ಅವರ ಟೀವಿ ಧಾರಾವಾಹಿ ಅಲ್ಲಿ ಚಿತ್ರೀಕರಣ ಆಗಿತ್ತು ಅನ್ನೋ ಒಂದೇ ಪುಣ್ಯಕ್ಕೆ 2020ರಲ್ಲಿ ಅದು ಮಾಲ್ಗುಡಿ ಮ್ಯೂಸಿಯಂ ಆಯಿತು. ಕ್ಯಾಮೆರಾ ಬಾರದ ಸ್ಟೇಷನ್ನುಗಳ ಹೆಂಚು ಯಾರ ಯಾರ ಕೊಟ್ಟಿಗೆ ಮೇಲಿದೆಯೋ ಆ ಊರಿನವರಿಗೇ ಗೊತ್ತು.

ಎರಡೂವರೆ_ಅಡಿ
ಸುಬ್ಬಿ ಅವರು ಹೇಳಿದ್ದೇ ಮುಖ್ಯ ವಿಷಯ. 1992ರಲ್ಲಿ ಯೂನಿಗೇಜ್ ಯೋಜನೆ ಬಂತು. ಆಗ ರೈಲ್ವೆ ಮಂತ್ರಿ ನಮ್ಮ ಜಾಫರ್ ಷರೀಫ್ ಅವರೇ. ಎಲ್ಲ ಮೀಟರ್ ಗೇಜ್, ನ್ಯಾರೋ ಗೇಜ್ ತೆಗೆದು ಬ್ರಾಡ್ ಗೇಜ್ ಮಾಡಬೇಕು ಅಂತ. ಒಳ್ಳೇ ಕೆಲಸ, ತಕರಾರಿಲ್ಲ. ಆದರೆ ಗೇಜ್ ಬದಲಾಯಿಸೋದು ಅಂದ್ರೆ ಹಳಿ ಅಗಲ ಮಾಡೋದಷ್ಟೇ ಅಲ್ಲ. ಲೈನ್ ಬಂದ್ ಮಾಡಬೇಕು. ತಿರುವು ನೇರ ಮಾಡಬೇಕು, ಪ್ಲಾಟ್‌ಫಾರಂ ಎತ್ತರಿಸಬೇಕು, ಯಾರ್ಡ್ ಹೊಸದಾಗಿ ಹಾಕಬೇಕು. ಹಳೇ ಕಟ್ಟಡ ಹೊಸ ಹಳಿಗೆ ದೂರವಾಗುತ್ತದೆ, ಇಲ್ಲ ಅಡ್ಡವಾಗುತ್ತದೆ. ಯಲಹಂಕ ಚಿಕ್ಕಬಳ್ಳಾಪುರ ತುಂಡು 1990ರ ದಶಕದಲ್ಲೇ ಬದಲಾಯಿತು. ಚಿಕ್ಕಬಳ್ಳಾಪುರದಿಂದ ಕೋಲಾರಕ್ಕೆ ಬ್ರಾಡ್ ಗೇಜ್ ಆಗುವಷ್ಟರಲ್ಲಿ 2013 ಬಂತು. ಅಷ್ಟು ವರ್ಷ ಆ ಲೈನಿನ ಮಕ್ಕಳು ರೈಲು ನೋಡದೆ ದೊಡ್ಡವರಾದರು. ರೈಲು ವಾಪಸ್ ಬಂದಾಗ ಹತ್ತುವವರು ಯಾರು? ಅಭ್ಯಾಸವೇ ತಪ್ಪಿತ್ತು.

ಕೋಲಾರದ_ಹೈದ
ನೋಡಿ ಈಗ ನನ್ನ ಮಾತಿಗೇ ಬಂದಿರಿ. ಅಷ್ಟು ವರ್ಷ ಜನ ಬಸ್ಸಿನಲ್ಲೇ ಓಡಾಡಿದರು. ಬಸ್ ಊರೊಳಗೆ ಬರುತ್ತದೆ. ಸ್ಟೇಷನ್ ಊರಿನಿಂದ ದೂರ, ಹೊಲದ ಮಧ್ಯೆ. ಲಗೇಜ್ ಹೊತ್ತುಕೊಂಡು ಬಿಸಿಲಲ್ಲಿ ಅಲ್ಲಿಗೆ ನಡೆದು ಹೋಗಿ, ದಿನಕ್ಕೆ ಎರಡು ಸಲ ಬರುವ ರೈಲಿಗೆ ಕಾಯೋಕೆ ಯಾರಿಗೆ ತಲೆ ಕೆಟ್ಟಿದೆ? ನಮ್ಮಪ್ಪ ಆ ಪುಟ್ಟ ರೈಲಿನಲ್ಲಿ ಓಡಾಡಿದವರು. ಏರಿನಲ್ಲಿ ಇಳಿದು ಪಕ್ಕದಲ್ಲೇ ನಡೆದು ಮತ್ತೆ ಹತ್ತುತ್ತಿದ್ದೆವು ಅಂತ ಹೇಳುತ್ತಾರೆ. ಅರ್ಧ ಬಡಾಯಿ ಇರಬಹುದು, ಆದರೆ ಅರ್ಧ ನಿಜ. ಪ್ರೀತಿ ಬೇರೆ, ಪ್ರಯಾಣ ಬೇರೆ.

ಮಂಗಳವಾರದ_ಪ್ಯಾಸೆಂಜರ್
ಹೈದ ಅವರೇ, ಜನ ಬರಲ್ಲ ಅನ್ನೋ ಲೆಕ್ಕ ಹೇಗೆ ಹುಟ್ಟುತ್ತದೆ ಅಂತ ನಮ್ಮೂರಿನಲ್ಲಿ ಕಣ್ಣಾರೆ ನೋಡಿದ್ದೇನೆ. ಊರಿನ ಹೆಸರು ಬೇಡ.

ಮೊದಲು ಮಾಸ್ಟರ್‌ನ ತೆಗೆದರು, ಸ್ಟೇಷನ್ ಹಾಲ್ಟ್ ಆಯಿತು. ಊರಿನವರೇ ಒಬ್ಬರು ಕಮಿಷನ್ ಮೇಲೆ ಟಿಕೆಟ್ ಮಾರುತ್ತಿದ್ದರು. ಪಕ್ಕದ ದೊಡ್ಡ ಸ್ಟೇಷನ್ನಿನಿಂದ ಟಿಕೆಟ್ ಕಟ್ಟು ತಂದು, ಮಾರಿ, ದುಡ್ಡು ಕಟ್ಟಿ ಬರಬೇಕು. ಕಮಿಷನ್ ಅವರ ಸೈಕಲ್ ಪಂಕ್ಚರಿಗೂ ಸಾಲದು. ಅವರು ಬಿಟ್ಟರು. ಬೇರೆ ಯಾರೂ ಬರಲಿಲ್ಲ. ಟಿಕೆಟ್ ಮಾರುವವರಿಲ್ಲ ಅಂದ ಮೇಲೆ ಜನ ಟಿಕೆಟ್ ಇಲ್ಲದೆ ಹತ್ತಿದರು, ಮುಂದಿನ ಸ್ಟೇಷನ್ನಿನಲ್ಲಿ ತಗೊಂಡರು, ಕೆಲವರು ತಗೊಳ್ಳಲೇ ಇಲ್ಲ. ಪುಸ್ತಕದಲ್ಲಿ ನಮ್ಮೂರಿನ ಆದಾಯ ಸೊನ್ನೆ. ಆಮೇಲೆ ರೈಲಿನ ಟೈಮ್ ಬದಲಾಯಿಸಿದರು. ಬೆಳಿಗ್ಗೆ ಕಾಲೇಜಿಗೆ, ಕೆಲಸಕ್ಕೆ ಹೋಗುವವರಿಗೆ ಸರಿಹೋಗುತ್ತಿದ್ದ ಗಾಡಿ ಮಧ್ಯಾಹ್ನಕ್ಕೆ ಹೋಯಿತು. ಆಗ ನಿಜವಾಗಿಯೂ ಜನ ಕಡಿಮೆಯಾದರು. 2020ರಲ್ಲಿ ಕೊರೊನಾಗೆ ಎಲ್ಲ ಗಾಡಿ ನಿಂತವಲ್ಲ, ಮತ್ತೆ ಬಿಟ್ಟಾಗ ನಮ್ಮಲ್ಲಿ ನಿಲುಗಡೆ ಇರಲಿಲ್ಲ. ಅರ್ಜಿ ಕೊಟ್ಟೆವು. ಪ್ರಯಾಣಿಕರ ಸಂಖ್ಯೆ ಸಾಲದು ಅಂತ ಉತ್ತರ ಬಂತು. ಬೀಗ ಹಾಕಿದ ದಿನ ಯಾವುದು ಅಂತ ಕೇಳಿದರೆ ನಾವು ಹೇಳೋಕೆ ಆಗಲ್ಲ, ಯಾಕಂದ್ರೆ ಅಂಥ ದಿನವೇ ಇರಲಿಲ್ಲ.

ಸಾಗರದ_ಸುಬ್ಬಿ
ಆ ಕೊರೊನಾ ನಂತರ ಪ್ಯಾಸೆಂಜರ್ ಗಾಡಿಗಳನ್ನೆಲ್ಲ ಸ್ಪೆಷಲ್ ಅಂತ ಹೆಸರಿಟ್ಟು ಎಕ್ಸ್‌ಪ್ರೆಸ್ ದರ ಹಾಕಿದ್ದು ಮರೆತಿರಾ? 10 ರೂಪಾಯಿ ಟಿಕೆಟ್ 30 ಆಯಿತು. ಗಾಡಿ ಅದೇ, ಬೋಗಿ ಅದೇ, ವೇಗ ಅದೇ. ಸಣ್ಣ ದೂರಕ್ಕೆ ಹೋಗುವವರು ಆಗಲೇ ಬಿಟ್ಟರು.

ಹಳಿಹುಳ
ಪ್ಯಾಸೆಂಜರ್ ಅವರು ಹೇಳಿದ ಲೆಕ್ಕದ ಆಟಕ್ಕೆ ದೊಡ್ಡ ಉದಾಹರಣೆ ಬ್ರಿಟನ್ನಿನದು. 1963ರಲ್ಲಿ ಅಲ್ಲಿನ ರೈಲ್ವೆ ಮುಖ್ಯಸ್ಥ ಬೀಚಿಂಗ್ ಅವರ ವರದಿ ಬಂತು. 2,363 ಸ್ಟೇಷನ್ ಮುಚ್ಚಿ ಅಂತ ಪಟ್ಟಿ. ಬಹುಪಾಲು ಹಳ್ಳಿ ಸ್ಟೇಷನ್ನುಗಳೇ. ಜನ ಎಷ್ಟು ಅಂತ ಎಣಿಸಿದ್ದು ಯಾವಾಗ ಗೊತ್ತಾ? 1961ರ ಏಪ್ರಿಲ್‌ನ ಒಂದೇ ಒಂದು ವಾರ. ಬೇಸಿಗೆ ರಜೆಗೆ ಕಡಲತೀರಕ್ಕೆ ಹೋಗುವ ಜನ ಆ ವಾರ ಎಲ್ಲಿರುತ್ತಾರೆ? ಈಗಲೂ ಅಲ್ಲಿಯವರು ಅದನ್ನು ಎತ್ತಿ ಜಗಳ ಆಡುತ್ತಾರೆ. ಜಾತ್ರೆ ಇಲ್ಲದ ದಿನ ನೋಡಿ ದೇವಸ್ಥಾನಕ್ಕೆ ಜನವೇ ಬರಲ್ಲ ಅಂದ ಹಾಗೆ.

ಕೋಲಾರದ_ಹೈದ
ಒಪ್ಪಿದೆ, ಎಣಿಕೆ ಮೋಸ ಇರಬಹುದು. ಆದರೆ ಎಲ್ಲ ಹಳ್ಳಿ ಸ್ಟೇಷನ್ನೂ ಪಿತೂರಿಯಿಂದ ಸತ್ತವು ಅಂದ್ರೆ ನಾನು ಒಪ್ಪಲ್ಲ. ಐದಾರು ಕಿಲೋಮೀಟರಿಗೆ ಒಂದು ಕಡೆ ನಿಲ್ಲುವ ರೈಲನ್ನು ದೂರ ಹೋಗುವವನು ಬೈಯುತ್ತಾನೆ. ನೀವೇ ಮೈಸೂರಿಗೆ ಹೋಗುವಾಗ ಗಾಡಿ ಪ್ರತಿ ಹಾಲ್ಟ್‌ನಲ್ಲಿ ನಿಂತರೆ ಏನಂತೀರಿ, ಎದೆ ಮುಟ್ಟಿಕೊಂಡು ಹೇಳಿ.

ಮಂಗಳವಾರದ_ಪ್ಯಾಸೆಂಜರ್
ಪ್ರತಿ ಗಾಡಿ ನಿಲ್ಲಬೇಕು ಅಂದವರು ಯಾರು? ಬೆಳಿಗ್ಗೆ ಒಂದು, ಸಾಯಂಕಾಲ ಒಂದು. ಅಷ್ಟೇ ಕೇಳಿದ್ದು.

ಕಿಟಕಿ_ಸೀಟು
ಇಷ್ಟು ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಹಾಗಿದ್ದರೆ ಒಂದು ಹಳೇ ಸ್ಟೇಷನ್ನಿನ ನಿಜವಾದ ದಾಖಲೆ ಎಲ್ಲಿ ಸಿಗುತ್ತದೆ? ಎಂದು ತೆರೆಯಿತು, ಎಷ್ಟು ಗಾಡಿ ನಿಲ್ಲುತ್ತಿತ್ತು, ಇಂಥವು.

ಎರಡೂವರೆ_ಅಡಿ
ಹಳೇ ಟೈಮ್ ಟೇಬಲ್ ಹುಡುಕಿ. ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಇಲ್ಲ. ಒಂದು ವರ್ಷದ ಪಟ್ಟಿಯಲ್ಲಿ ಹೆಸರು ಇದ್ದು ಮುಂದಿನ ವರ್ಷ ಇಲ್ಲ ಅಂದ್ರೆ ಅಲ್ಲಿಗೆ ಮುಗಿಯಿತು. ಮೈಸೂರು ಸಂಸ್ಥಾನದ ವಾರ್ಷಿಕ ಆಡಳಿತ ವರದಿಗಳಲ್ಲಿ ರೈಲ್ವೆಗೆ ಬೇರೆ ಅಧ್ಯಾಯವೇ ಇರುತ್ತದೆ. ರಾಜ್ಯ ಪತ್ರಾಗಾರದಲ್ಲಿ ಕೇಳಿ. ಹಯವದನರಾಯರ ಮೈಸೂರು ಗೆಜೆಟಿಯರ್ ನೋಡಿ. ಸರ್ವೇ ಇಲಾಖೆಯ ಹಳೇ ನಕಾಶೆಗಳಲ್ಲಿ ಲೈನ್ ಮತ್ತು ಸ್ಟೇಷನ್ ಗುರುತು ಇರುತ್ತದೆ. ಕಡತ ಹುಡುಕುವಾಗ ಒಂದು ಜ್ಞಾಪಕ ಇರಲಿ. ರೈಲ್ವೆಯ ಮನೆ ಬದಲಾಗುತ್ತಲೇ ಬಂದಿದೆ. ಮೊದಲು ಕಂಪನಿ, ಆಮೇಲೆ ಮೈಸೂರು ಸ್ಟೇಟ್ ರೈಲ್ವೆ, 1951ರಿಂದ ಮದ್ರಾಸಿನ ದಕ್ಷಿಣ ರೈಲ್ವೆ, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆ. ಯಾವ ಕಾಲದ ಕಾಗದ ಬೇಕೋ ಆ ಮನೆ ಬಾಗಿಲು ತಟ್ಟಬೇಕು.

ರಿಟೈರ್ಡ್_ಎಎಸ್ಎಂ
ಹಳೇ ದಪ್ಪ ರಟ್ಟಿನ ಟಿಕೆಟ್ ಸಿಕ್ಕರೆ ಎಸೆಯಬೇಡಿ. ಎಡ್ಮಂಡ್ಸನ್ ಟಿಕೆಟ್ ಅಂತ. ಥಾಮಸ್ ಎಡ್ಮಂಡ್ಸನ್ ಅಂತ ಇಂಗ್ಲೆಂಡಿನ ಒಬ್ಬ ಸ್ಟೇಷನ್ ಮಾಸ್ಟರ್ 1830ರ ದಶಕದಲ್ಲಿ ಕಂಡುಹಿಡಿದಿದ್ದು. ನಮ್ಮ ಜಾತಿಯವನೇ 😊 ಅದರ ಮೇಲೆ ಎರಡು ಸ್ಟೇಷನ್ನಿನ ಹೆಸರು, ದರ್ಜೆ, ದರ, ಕ್ರಮ ಸಂಖ್ಯೆ ಎಲ್ಲ ಅಚ್ಚಾಗಿರುತ್ತದೆ. ತಾರೀಖು ಮಾತ್ರ ಕೌಂಟರಿನ ಮಷಿನ್ನಿನಲ್ಲಿ ಟಕ್ ಅಂತ ಒತ್ತುತ್ತಿದ್ದೆವು. ಒಂದೇ ಊರಿನ ಎರಡು ಬೇರೆ ತಾರೀಖಿನ ಟಿಕೆಟ್ ಸಿಕ್ಕರೆ ನಂಬರ್ ಕಳೆದು ನೋಡಿ. ನಡುವೆ ಎಷ್ಟು ಮಾರಾಟ ಆಯಿತು ಅಂತ ಅಂದಾಜು ಸಿಗುತ್ತದೆ. ಜನ ಇರಲಿಲ್ಲ ಅನ್ನುವವರಿಗೆ ಅದನ್ನು ತೋರಿಸಿ.

ಟ್ರೆಕ್_ಮಂಜ
ಸರ್, ಬೆತ್ತದ ಬಳೆ ಥರ ಒಂದು ಓಡುವ ರೈಲಿಗೆ ಕೊಡುತ್ತಿದ್ದರಲ್ಲ, ಅದು ಏನು? ತಾತ ಹೇಳುತ್ತಿದ್ದರು.

ರಿಟೈರ್ಡ್_ಎಎಸ್ಎಂ
ಟೋಕನ್. ಬೆತ್ತದ ಬಳೆಗೆ ಚರ್ಮದ ಚೀಲ ಕಟ್ಟಿರುತ್ತದೆ, ಒಳಗೆ ಕಬ್ಬಿಣದ ಗುಂಡು. ನೀಲ್ಸ್ ಬಾಲ್ ಟೋಕನ್. ಎರಡು ಸ್ಟೇಷನ್ನಿನಲ್ಲೂ ಜೋಡಿ ಮಷಿನ್ ಇರುತ್ತವೆ. ಮುಂದಿನ ಸ್ಟೇಷನ್ನಿನವನು ಒಪ್ಪಿದರೆ ಮಾತ್ರ ನನ್ನ ಮಷಿನ್ನಿನಿಂದ ಗುಂಡು ಹೊರಬರುತ್ತದೆ. ಒಂದು ಹೊರಬಂದ ಮೇಲೆ ಅದು ಯಾವುದಾದರೂ ತುದಿಯಲ್ಲಿ ವಾಪಸ್ ಸೇರುವ ತನಕ ಎರಡನೆಯದು ಬರಲ್ಲ. ಗುಂಡು ಕೈಲಿಲ್ಲದೆ ಡ್ರೈವರ್ ಹೊರಡುವಂತಿಲ್ಲ. ಮಳೆಗಾಲದ ರಾತ್ರಿ ನಿಲ್ಲದೆ ಹೋಗುವ ಮೇಲ್ ಗಾಡಿಗೆ ಅದನ್ನು ಎತ್ತಿ ಹಿಡಿಯೋದು ಇದೆಯಲ್ಲ, ತೋಳು ಕಿತ್ತು ಬರುತ್ತಿತ್ತು.

ಹರಿಣಿ_ಬರೀತಾಳೆ
ಸರ್ ನೀವು ಇದನ್ನೆಲ್ಲ ಬೇರೆ ಪೋಸ್ಟ್ ಮಾಡಿ ಬರೆಯಿರಿ ಪ್ಲೀಸ್. ಇದನ್ನು ಯಾವ ವಾಟ್ಸಾಪ್ ಕಥೆಯೂ ಹೇಳಲ್ಲ.

ಹಳಿಹುಳ
ಮೇಡಂ ನನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ ಅನ್ನಿಸುತ್ತೆ.

ಮುದ್ದೇನಹಳ್ಳಿ_ಕಡೆಯವ
ಒಂದು ವಿಷಯ ಯಾರೂ ಹೇಳಲಿಲ್ಲ. ವಿಮಾನ ನಿಲ್ದಾಣದ ಹತ್ತಿರ 2021ರ ಜನವರಿಯಲ್ಲಿ ಹೊಸ ಹಾಲ್ಟ್ ಸ್ಟೇಷನ್ ಶುರು ಮಾಡಿದರಲ್ಲ, ಇದೇ ಲೈನಿನಲ್ಲಿ, ದೊಡ್ಡಜಾಲ ದೇವನಹಳ್ಳಿ ಮಧ್ಯೆ. ವಿಮಾನಕ್ಕೆ ಹೋಗುವವರಿಗೆ ಹೊಸದಾಗಿ ಕಟ್ಟೋಕೆ ಆಗುತ್ತದೆ, ಹಳ್ಳಿಯವರಿಗೆ ಇದ್ದದ್ದನ್ನು ಉಳಿಸೋಕೆ ಆಗಲ್ಲ. ಇದಕ್ಕೆ ಏನಂತೀರಿ?

ಕೋಲಾರದ_ಹೈದ
ಅದಕ್ಕೆ ಹೋಗುವವರಲ್ಲಿ ಜಾಸ್ತಿ ಜನ ಅಲ್ಲಿ ಕೆಲಸ ಮಾಡುವವರೇ, ವಿಮಾನ ಹತ್ತುವವರಲ್ಲ. ಅವರೂ ನಮ್ಮ ನಿಮ್ಮ ಹಳ್ಳಿಯವರೇ.

ಎರಡೂವರೆ_ಅಡಿ
ಆ ಹಾಲ್ಟ್‌ನಲ್ಲೂ ಕಥೆ ಟೈಮ್ ಮೇಲೇ ನಿಂತಿದೆ. ಶಿಫ್ಟ್ ಬಿಡುವ ಹೊತ್ತಿಗೆ ಗಾಡಿ ಇದ್ದರೆ ಜನ ಬರುತ್ತಾರೆ. ಈಗ ಕರೆಂಟ್ ಲೈನ್ ಬಂದು ಮೆಮು, ಅಂದ್ರೆ ಸಣ್ಣ ದೂರದ ಕರೆಂಟ್ ಗಾಡಿಗಳು, ಓಡುತ್ತಿವೆ. ಮೆಮು ಬೇಗ ನಿಂತು ಬೇಗ ಹೊರಡುತ್ತದೆ, ಪ್ರತಿ ಹಳ್ಳಿಯಲ್ಲಿ ನಿಂತರೂ ಹಳೇ ಗಾಡಿಯಷ್ಟು ಹೊತ್ತು ಹಾಳಾಗಲ್ಲ. ಹೈದ ಅವರ ಮೈಸೂರು ಪ್ರಶ್ನೆಗೆ ಉತ್ತರ ಅದೇ. ದೂರದ ಗಾಡಿ ನಿಲ್ಲಬೇಡ, ಮೆಮು ನಿಲ್ಲಲಿ.

ಕೋಲಾರದ_ಹೈದ
ಇದು ಮಾತು. ಆದರೆ ಒಂಟಿ ಹಳಿ ಮೇಲೆ ಎಷ್ಟು ಮೆಮು ಬಿಡುತ್ತೀರಿ?

ರಿಟೈರ್ಡ್_ಎಎಸ್ಎಂ
ಜಾಸ್ತಿ ಬಿಡಬೇಕು ಅಂದ್ರೆ ದಾಟಿಸುವ ಜಾಗ ಜಾಸ್ತಿ ಬೇಕು. ಅಂದ್ರೆ ನಡುವೆ ಮುಚ್ಚಿದ ಕಡೆಯೇ ಮತ್ತೆ ಲೂಪ್ ಹಾಕಬೇಕು, ಇಲ್ಲ ಜೋಡಿ ಹಳಿ ಮಾಡಬೇಕು.

ಸುಮ್ನೆ_ಓದ್ತೀನಿ
ದುರಸ್ತಿಯಾದ ದೊಡ್ಡಜಾಲದ ಕಟ್ಟಡದಲ್ಲಿ ಪ್ರೀ ವೆಡ್ಡಿಂಗ್ ಶೂಟ್‌ಗೆ ಬಿಡುತ್ತಾರಾ?

ಸಾಗರದ_ಸುಬ್ಬಿ
ಅಯ್ಯೋ ದೇವರೇ.

ಕಿಟಕಿ_ಸೀಟು
ನಾಳೆ ಪತ್ರಾಗಾರಕ್ಕೆ ಹೋಗಿ 1914ರಿಂದ 1920ರ ಆಡಳಿತ ವರದಿ ಕೇಳುತ್ತೇನೆ. ಎಎಸ್ಎಂ ಸರ್, ಟಿಕೆಟ್ ಫೋಟೋ ನಿಮ್ಮಲ್ಲಿ ಇದ್ದರೆ ಹಾಕಿ. ಮಂಗಳವಾರದ ಪ್ಯಾಸೆಂಜರ್ ಅವರೇ, ಅರ್ಜಿಗೆ ಬಂದ ಉತ್ತರದ ಪ್ರತಿ ಇಟ್ಟುಕೊಂಡಿದ್ದೀರಾ? ಯಾವ ತಿಂಗಳ ಎಣಿಕೆ ಅಂತ ಅದರಲ್ಲಿ ಬರೆದಿರಬೇಕಲ್ಲ.

ಮಂಗಳವಾರದ_ಪ್ಯಾಸೆಂಜರ್
ಇದೆ. ತಿಂಗಳು ಬರೆದಿಲ್ಲ. ಮಾಹಿತಿ ಹಕ್ಕಿನಲ್ಲಿ ಮತ್ತೆ ಕೇಳುತ್ತೇನೆ. ಟಿಕೆಟ್ ಮಾರುವವರೇ ಇಲ್ಲದ ಕಡೆ ಹೇಗೆ ಎಣಿಸಿದಿರಿ ಅಂತಲೂ ಅದರಲ್ಲೇ ಸೇರಿಸುತ್ತೇನೆ.